ಗೋಡೆ ಒಲ್ಲದ ಕಬ್ಬಿಣದ ಮೀನು

ಲಾಯ್ಡ್ ಟಾಲೆಫ್ಸನ್ ಕೆಟ್ಟವನಲ್ಲ. ಕುಡಿಯುವವನಲ್ಲ, ಜಗಳಗಂಟನಲ್ಲ, ಭಾನುವಾರ ಚರ್ಚು ತಪ್ಪಿಸಿದವನೂ ಅಲ್ಲ. ಅವನಲ್ಲಿದ್ದ ದೋಷ ಒಂದೇ: ಅವನ ಬಳಿ ಒಂದು ಡ್ರಿಲ್ ಇತ್ತು.

ಡ್ರಿಲ್ ಇದ್ದವರೆಲ್ಲ ಮನೆಯ ಗೋಡೆ ಹಾಳು ಮಾಡುತ್ತಾರೆ ಎಂದೇನಿಲ್ಲ. ಆದರೆ ಲಾಯ್ಡ್ ನಮ್ಮ ನಾರ್ಡಾಲ್ ಊರಿನ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದವನು. ಊರವರ ಕನ್ನಡಕಗಳ ಸಾಸಿವೆ ಗಾತ್ರದ ಸ್ಕ್ರೂಗಳನ್ನು ಬಿಗಿದು ಬಿಗಿದು, ಸ್ಕ್ರೂಗಳ ವಿಷಯದಲ್ಲಿ ತನಗೆ ತಿಳಿಯದ್ದು ಯಾವುದೂ ಇಲ್ಲ ಎಂಬ ಧೈರ್ಯ ಅವನಿಗೆ ಬಂದುಬಿಟ್ಟಿತ್ತು. ಸ್ಕ್ರೂ ಎಂದರೆ ಬಿಗಿಯಾಗಿರಬೇಕು. ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಬೇಕು, ಆಮೇಲೆ ಸಮಾಧಾನಕ್ಕೆ ಇನ್ನೊಮ್ಮೆ ತಿರುಗಿಸಬೇಕು. ಇದು ಅವನು ನಂಬಿದ್ದ ಧರ್ಮ.

ಆ ವರ್ಷ ಅವನ ಮಗಳು ಬ್ರಿಟಾ ಹೈಸ್ಕೂಲು ಮುಗಿಸಿದಳು. ನಮ್ಮ ಮಿನಸೋಟ ರಾಜ್ಯದಲ್ಲಿ ಮಕ್ಕಳು ಹೈಸ್ಕೂಲು ಮುಗಿಸಿದರೆ ಅಪ್ಪಂದಿರು ಗ್ಯಾರೇಜು ತೊಳೆಯಬೇಕು. ಕಾರು ಹೊರಗೆ, ಮೇಜುಗಳು ಒಳಗೆ. ಊರಿಗೆಲ್ಲ ಹ್ಯಾಮ್ ತುಂಬಿದ ಬನ್ನು, ಆಲೂಗಡ್ಡೆ ಸಲಾಡು, ಚರ್ಚಿನಿಂದ ಎರವಲು ತಂದ ಹಂಡೆಯಲ್ಲಿ ಕಾಫಿ. ಬ್ರಿಟಾಳ ಸಮಾರಂಭ ಭಾನುವಾರಕ್ಕೆ ಗೊತ್ತಾಗಿತ್ತು. ಅದಕ್ಕೆ ಅವಳು ಅಪ್ಪನ ಬಳಿ ಕೇಳಿದ್ದು ಒಂದೇ ಒಂದು ಸಂಗತಿ. ಶಾಲೆಯ ವೆಲ್ಡಿಂಗ್ ಕೊಠಡಿಯಲ್ಲಿ ಚಳಿಗಾಲವೆಲ್ಲ ಕೂತು ಅವಳು ಒಂದು ದೀಪ ಮಾಡಿದ್ದಳು. ಕಬ್ಬಿಣದ ಮೀನು; ಒಂದೊಂದು ಹುರುಪೆಯನ್ನೂ ಬೇರೆ ಬೇರೆ ಕತ್ತರಿಸಿ ಬೆಸೆದದ್ದು; ತೆರೆದ ಬಾಯಲ್ಲಿ ಬಲ್ಬು. ಅದನ್ನು ಮುಂಬಾಗಿಲ ಪಕ್ಕದ ಗೋಡೆಗೆ ಹಾಕಬೇಕು, ಬಂದವರಿಗೆ ಮೊದಲು ಅದೇ ಕಾಣಬೇಕು.

"ಅಜ್ಜಿ ನೋಡ್ಲಿ ಅಂತ ಅಪ್ಪ," ಎಂದಿದ್ದಳು ಬ್ರಿಟಾ.

ಅಜ್ಜಿ ಎಂದರೆ ಲಾಯ್ಡ್‌ನ ಅತ್ತೆ ಹಿಲ್ಮಾ. ಮೊಮ್ಮಗಳು ಕಾಲೇಜು ಸೇರದೆ ವೆಲ್ಡಿಂಗ್ ಕಲಿಯಲು ಹೋಗುತ್ತಾಳೆಂದು ತಿಳಿದ ದಿನ ಆ ಮುದುಕಿ ಕಾಫಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, "ಹೂಂ, ಒಂಥರಾ ಬೇರೆ ಇದೆ," ಎಂದಿದ್ದರು. ನಮ್ಮ ಊರಿನಲ್ಲಿ ಇದಕ್ಕಿಂತ ಕಟುವಾದ ಬೈಗುಳ ಇಲ್ಲ. ಅದನ್ನು ಕೇಳಿದ ಮೇಲೆ ಬ್ರಿಟಾ ಅಜ್ಜಿಯ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. ಇದನ್ನು ಬಲ್ಲ ಲಾಯ್ಡ್ ಎದೆ ತಟ್ಟಿಕೊಂಡು ಮಾತು ಕೊಟ್ಟ. ಅವನ ಹೆಂಡತಿ ಮಾರ್ಲಿಸ್ ಮಾತ್ರ, "ಭಾನುವಾರದೊಳಗೆ ಗೋಡೆ ಮೇಲಿರ್ಬೇಕು. ಇಲ್ದಿದ್ರೆ ಸಲಾಡಿನ ಪಕ್ಕ ಮೇಜಿನ ಮೇಲೆ ಇಟ್ಟುಬಿಡ್ತೀನಿ," ಎಂದು ಗಡುವು ಹಾಕಿದಳು.

ಗುರುವಾರ ಸಂಜೆ ಲಾಯ್ಡ್ ಏಣಿ ಹಾಕಿದ. ನಮ್ಮ ಕಡೆ ಮನೆಗಳೆಲ್ಲ ಮರದವು. ಮರ ಮಳೆ ಹಿಮಕ್ಕೆ ಕೊಳೆಯದಿರಲೆಂದು ಹೊರಗಿನಿಂದ ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದರ ಕೆಳಗೊಂದು ಸಿಕ್ಕಿಸಿ ಹೊದಿಸಿರುತ್ತಾರೆ. ಸೈಡಿಂಗ್ ಎನ್ನುತ್ತಾರೆ. ದೂರದಿಂದ ನೋಡಿದರೆ ಗಟ್ಟಿ ಹಲಗೆ. ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನ ಡಬ್ಬಿಯೊಳಗಿನ ಟ್ರೇ. ಲಾಯ್ಡ್ ಒತ್ತಿ ನೋಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಆರ್ಡಿಸ್ ಕ್ವಾಮ್ ಹುಲ್ಲಿನ ಮೇಲೆ ನಡೆದು ಬಂದರು. ತೀರಿಹೋದ ಗಂಡನ ಜೊತೆ ಅರ್ಧ ಊರಿನ ಮನೆಗಳಿಗೆ ಸೈಡಿಂಗ್ ಹೊದಿಸಿದ ಹೆಂಗಸು. ಈ ಮನೆಗೂ ಹೊದಿಸಿದವರು ಅವರೇ. ಸ್ವಲ್ಪ ಹೊತ್ತು ಮೀನನ್ನು ನೋಡಿದರು, ಸ್ವಲ್ಪ ಹೊತ್ತು ಲಾಯ್ಡ್‌ನ ಕೈಯಲ್ಲಿದ್ದ ಸ್ಕ್ರೂಗಳನ್ನು ನೋಡಿದರು. ಆಮೇಲೆ ಆಕಾಶ ನೋಡುತ್ತ, "ಒಂದು ಕೈ ಹಾಕ್ಲಾ ಏನು?" ಎಂದರು.

"ಅಯ್ಯೋ ಬೇಡ ಬೇಡ, ನಿಮಗ್ಯಾಕೆ ತೊಂದರೆ," ಎಂದ ಲಾಯ್ಡ್.

ಇಲ್ಲಿ ಒಂದು ಮಾತು ಹೇಳಬೇಕು. ನಾರ್ಡಾಲಿನಲ್ಲಿ ಯಾರಾದರೂ ಸಹಾಯಕ್ಕೆ ಬರುತ್ತೇನೆಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು. ಮೂರನೆಯ ಸಲ ಕೇಳಿದಾಗ, "ಸರಿ, ನಿಮಗೆ ತೀರಾ ತೊಂದರೆ ಆಗದಿದ್ರೆ," ಎಂದು ನೆಲ ನೋಡಿಕೊಂಡು ಒಪ್ಪಬೇಕು. ಕಾಫಿಗೂ ಇದೇ, ಕಾರು ತಳ್ಳುವುದಕ್ಕೂ ಇದೇ. ಮೊದಲನೇ ಸಲಕ್ಕೇ ಹೂಂ ಎನ್ನುವವನು ಹಸಿದ ನಾಯಿಗೆ ಸಮ. ಹಾಗಾಗಿ ಲಾಯ್ಡ್ ಬೇಡ ಎಂದದ್ದರಲ್ಲಿ ಬೇಡ ಎನ್ನುವುದು ಎಳ್ಳಷ್ಟೂ ಇರಲಿಲ್ಲ. ಆ ಮೀನು ಹೊತ್ತು ಅವನ ತೋಳು ಬಿದ್ದುಹೋಗುತ್ತಿತ್ತು.

"ನನಗೇನೂ ಕೆಲಸ ಇಲ್ಲ ಬಿಡು, ಸುಮ್ನೆ ನಿಂತಿದೀನಿ," ಎಂದರು ಆರ್ಡಿಸ್. ಇದು ಎರಡನೆಯದು.

"ಛೆ ಛೆ, ನೀವು ಹೋಗಿ ಕೂತ್ಕೊಳಿ. ಈಗ ಮುಗಿಯುತ್ತೆ," ಎಂದ ಲಾಯ್ಡ್, ಮೂರನೆಯದಕ್ಕೆ ಕಿವಿ ನೆಟ್ಟಗೆ ಮಾಡಿಕೊಂಡು.

ಆರ್ಡಿಸ್ ಬಾಯಿ ತೆರೆದರು. ಸರಿಯಾಗಿ ಆಗಲೇ ಕಿಟಕಿಯಿಂದ ಮಾರ್ಲಿಸ್ ಕೂಗಿದಳು: "ಲಾಯ್ಡ್! ಅಮ್ಮ ಫೋನಲ್ಲಿದಾಳೆ! ಈಗಲೇ ಬರ್ಬೇಕಂತೆ!"

ಹಿಲ್ಮಾರನ್ನು ಕಾಯಿಸಿ ಬದುಕಿದ ಅಳಿಯ ಇಲ್ಲ. ಲಾಯ್ಡ್ ಓಡಿದ. ಸಲಾಡಿಗೆ ಸಾಸಿವೆ ಹಾಕಬಾರದು ಎಂದು ಹೇಳಲು ಅವರು ಫೋನು ಮಾಡಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಆರ್ಡಿಸ್ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಮೂರನೆಯದು ಅವರ ಬಾಯಲ್ಲೇ ಉಳಿಯಿತು.

ಲಾಯ್ಡ್ ತಾನೇ ಕೆಲಸ ಮುಗಿಸಿದ. ಸೈಡಿಂಗಿನ ಮೇಲೆಯೇ ಮೀನನ್ನಿಟ್ಟು ಸುತ್ತಲೂ ಸ್ಕ್ರೂ ಹೊಡೆದ, ತಿರುಗುವಷ್ಟು ತಿರುಗಿಸಿದ, ಸಮಾಧಾನಕ್ಕೆ ಇನ್ನೊಮ್ಮೆ ತಿರುಗಿಸಿದ. ಮೀನು ನಿಂತಿತು. ಬ್ರಿಟಾ ಬಂದು ನೋಡಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಅವನು ಡ್ರಿಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊಟಕ್ಕೆ ಕೂತ.

ಮರುದಿನ ಬಿಸಿಲು ಬಂತು. ಬರಬಾರದಿತ್ತು, ಆದರೆ ಜೂನ್ ತಿಂಗಳಲ್ಲಿ ಬಿಸಿಲನ್ನು ಬೇಡ ಎನ್ನುವುದಕ್ಕೂ ಆಗುವುದಿಲ್ಲ. ಲಾಯ್ಡ್ ಅಂಗಡಿಯಿಂದ ಊಟಕ್ಕೆ ಬಂದಾಗ ಗೋಡೆ ಗೋಡೆಯಾಗಿ ಉಳಿದಿರಲಿಲ್ಲ. ಮೀನಿನ ಎರಡೂ ಕಡೆ ಪಟ್ಟಿಗಳು ಉಬ್ಬಿ, ತಗ್ಗಿ, ಮತ್ತೆ ಉಬ್ಬಿ, ಗಾಳಿ ಬೀಸಿದ ಕೆರೆಯ ಹಾಗೆ ಅಲೆ ಎದ್ದಿದ್ದವು. ಮೀನು ಮಧ್ಯದಲ್ಲಿ ಈಜುತ್ತಿತ್ತು.

ಬೀದಿಯಲ್ಲಿ ಹೋಗುವವರೆಲ್ಲ ನೋಡಿದರು. ಯಾರಾದರೂ ಒಬ್ಬರು, "ಲಾಯ್ಡ್, ನಿನ್ನ ಗೋಡೆ ಹಾಳಾಯ್ತು ಕಣೋ," ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹಾಗೆಲ್ಲ ಮುಖಕ್ಕೆ ಹೇಳುವ ಊರು ನಮ್ಮದಲ್ಲ. ಎದುರುಮನೆಯಾತ, "ಇವತ್ತು ಬಿಸಿಲು ಚೆನ್ನಾಗಿದೆ," ಎಂದು ಹೇಳಿ ಹೋದ. ಅಂಚೆಯವಳು ಕಾಗದ ಕೊಟ್ಟು, ಗೋಡೆ ನೋಡಿ, "ಮೀನು ಹಿಡಿಯೋಕೆ ಹೋಗಿದ್ರಾ ಈ ವಾರ?" ಎಂದಳು. ಕೊನೆಗೆ ನಗರಸಭೆಯ ಕಟ್ಟಡ ಇನ್‌ಸ್ಪೆಕ್ಟರ್ ಪುಲ್ಕ್ರಾಬೆಕ್ ಎಲ್ಲಿಗೋ ಹೊರಟಿದ್ದವರು ಕಾರು ನಿಲ್ಲಿಸಿದರು. ಇಳಿದರು. ಗೋಡೆಯ ಮುಂದೆ ಕೈಕಟ್ಟಿ ನಿಂತರು.

"ಗೋಡೆ ಬಹಳ ಚಟುವಟಿಕೆಯಿಂದ ಇದೆ," ಎಂದರು.

"ಏನಾದ್ರೂ ತಪ್ಪಾಗಿದೆಯಾ ಸರ್?" ಎಂದು ಲಾಯ್ಡ್ ಕೇಳಿದ.

"ತಪ್ಪು ಅಂತ ನಾನೆಲ್ಲಿ ಹೇಳಿದೆ? ಇನ್ನೂ ಕೆಟ್ಟದಾಗಿರೋದನ್ನೂ ನೋಡಿದೀನಿ."

"ಎಲ್ಲಿ ನೋಡಿದ್ರಿ?"

ಇನ್‌ಸ್ಪೆಕ್ಟರ್ ಪ್ರಾಮಾಣಿಕವಾಗಿ ಯೋಚಿಸಿದರು. "ಸುಂಟರಗಾಳಿ ಬಂದಾಗ," ಎಂದರು.

ಅವರ ಮಾತು ಮುಗಿಯುವುದಕ್ಕೂ ಮೀನು ಬೀಳುವುದಕ್ಕೂ ಸರಿಹೋಯಿತು. ಬರಿಯ ಮೀನಲ್ಲ, ಸ್ಕ್ರೂ ಬಿಡಲಿಲ್ಲ, ಲಾಯ್ಡ್ ಬಿಗಿದ ಸ್ಕ್ರೂ ಬಿಡುವುದುಂಟೆ! ಅದು ಸೈಡಿಂಗಿನ ತುಂಡನ್ನೇ ಕಿತ್ತುಕೊಂಡು, ಕೆಳಗಿದ್ದ ಮಾರ್ಲಿಸಳ ಪೆಟೂನಿಯಾ ಗಿಡಗಳ ಮೇಲೆ ಮಲಗಿತು. ಪುಲ್ಕ್ರಾಬೆಕ್ ಟೋಪಿ ಸರಿಮಾಡಿಕೊಂಡು, "ಸರಿ ಹಾಗಾದ್ರೆ," ಎಂದು ಕಾರು ಹತ್ತಿದರು.

ಸದ್ದು ಕೇಳಿ ಆರ್ಡಿಸ್ ಬಂದರು. ಗೋಡೆಯ ತೂತು ನೋಡಿದರು, ಗಿಡಗಳನ್ನು ನೋಡಿದರು, ಆಕಾಶ ನೋಡಿದರು. "ಲಾಯ್ಡ್, ನಾನೇನಾದ್ರೂ ಕೈ ಹಾಕ್ಲಾ?"

ಆ ಕ್ಷಣದಲ್ಲಿ ಲಾಯ್ಡ್‌ನ ತಲೆಯೊಳಗೆ ಒಂದು ಕೂಡುವ ಲೆಕ್ಕ ನಡೆಯಿತು. ನಿನ್ನೆ ಎರಡು ಸಲ ಕೇಳಿದ್ದಾರೆ, ಇವತ್ತು ಒಂದು ಸಲ, ಒಟ್ಟು ಮೂರು. ದೇವರು ದೊಡ್ಡವನು!

"ಆಯ್ತು! ಬನ್ನಿ ಬನ್ನಿ, ಈಗಲೇ ಬನ್ನಿ!" ಎಂದು ಏಣಿಯನ್ನೇ ಅವರ ಕೈಗೆ ಕೊಟ್ಟ.

ಆರ್ಡಿಸ್ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಮುಖ ಬಿಳುಚಿಕೊಂಡಿತು. "ಓ," ಎಂದರು. ಆಮೇಲೆ ಇನ್ನೊಮ್ಮೆ, "ಓ." ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಹೇಳಿ ಮನೆಗೆ ಹೋದರು. ಏಣಿ ಹುಲ್ಲಿನ ಮೇಲೆ ಬಿತ್ತು.

ಲಾಯ್ಡ್ ಅಡುಗೆಮನೆಗೆ ಬಂದು ನಡೆದದ್ದನ್ನು ಹೇಳಿದ. ಮಾರ್ಲಿಸ್ ಚಾಕು ಕೆಳಗಿಟ್ಟಳು.

"ಮೊದಲನೇ ಸಲಕ್ಕೇ ಹೂಂ ಅಂದ್ಯಾ?"

"ಮೊದಲನೇದಲ್ಲ ಕಣೇ, ಮೂರನೇದು! ನಿನ್ನೆ ಎರಡು ಸಲ..."

"ನಿನ್ನೆದು ನಿನ್ನೆಗೇ ಮುಗೀತು! ರಾತ್ರಿ ಕಳೆದ ಮೇಲೆ ಹೊಸದಾಗಿ ಶುರು ಮಾಡ್ಬೇಕು, ಮಕ್ಕಳಿಗೂ ಗೊತ್ತಿದೆ!"

"ಯಾವ ಕಾನೂನಲ್ಲಿದೆ ಅದು?" ಎಂದು ಲಾಯ್ಡ್ ಅರಚಿದ.

"ಕಾನೂನಲ್ಲಿ ಇರೋದಕ್ಕೆ ಅದೇನು ಸಣ್ಣ ವಿಷಯನಾ?" ಎಂದಳು ಮಾರ್ಲಿಸ್. "ಅವರು ಸುಮ್ನೆ ಮರ್ಯಾದೆಗೆ ಕೇಳಿದ್ರು. ನೀನು ಏಣಿ ಕೊಟ್ಟುಬಿಟ್ಟೆ. ಎಪ್ಪತ್ತು ದಾಟಿದ ಹೆಂಗಸಿನ ಕೈಗೆ ಏಣಿ! ನಾನು ಭಾನುವಾರ ಚರ್ಚಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೊಳ್ಲಿ?"

ಶನಿವಾರ ಬೆಳಿಗ್ಗೆ ಅಂಟು ತರಲು ಹಾರ್ಡ್‌ವೇರ್ ಅಂಗಡಿಗೆ ಹೋದಾಗ ವಿಷಯ ಎಷ್ಟು ದೂರ ಹರಡಿದೆ ಎಂಬುದು ಲಾಯ್ಡ್‌ಗೆ ಗೊತ್ತಾಯಿತು. ಅಂಗಡಿಯವನು ಬೇಕೆಂದೇ, "ಕಾಫಿ ಕುಡೀತೀಯಾ ಲಾಯ್ಡ್?" ಎಂದು ಕೇಳಿ, ಕಣ್ಣು ಮಿಟುಕಿಸದೆ ನೋಡುತ್ತ ನಿಂತ. ಬಣ್ಣದ ಡಬ್ಬಿಗಳ ಹಿಂದೆ ಇದ್ದ ಇಬ್ಬರು ಗಿರಾಕಿಗಳೂ ಕೊರಳು ಚಾಚಿದರು. ಲಾಯ್ಡ್ ಬೇಡ ಎಂದ. ಮತ್ತೆ ಕೇಳಿದಾಗ ಬೇಡ ಎಂದ. ಮೂರನೆಯ ಸಲವೂ ಬೇಡ ಎಂದ, ಎಲ್ಲಿ ಲೆಕ್ಕ ತಪ್ಪುತ್ತದೋ ಎಂದು ನಾಲ್ಕನೆಯದಕ್ಕೂ ಬೇಡ ಎಂದು, ಬಾಯಾರಿಕೊಂಡೇ ಮನೆಗೆ ಬಂದ. ಅಂಟು ತರುವುದು ಮರೆತುಹೋಗಿತ್ತು.

ಪಿತ್ತ ನೆತ್ತಿಗೇರಿತು. ಗೋಡೆಯಲ್ಲಿ ಹರಿದು ನೇತಾಡುತ್ತಿದ್ದ ಪಟ್ಟಿಯ ಕೆಳಗಿನ ಅಂಚಿಗೆ ಕೈಹಾಕಿ ಎಳೆದ. ಒಂದರ ಕೆಳಗೊಂದು ಸಿಕ್ಕಿಸಿದ ಪಟ್ಟಿಗಳು ಎಂದು ಮೊದಲೇ ಹೇಳಿದೆನಲ್ಲ. ಒಂದನ್ನು ಸಿಟ್ಟಿನಿಂದ ಎಳೆದರೆ ಮಿಕ್ಕವೂ ಸಾಲಾಗಿ ಹಿಂಬಾಲಿಸುತ್ತವೆ. ಟರ್ರನೆ ಬಾಗಿಲಿಂದ ಮೂಲೆಯವರೆಗೆ ಮನೆಯ ಅಂಗಿ ಕಳಚಿತು. ಒಳಗೆ ಹಿಂದಿನ ಕಾಲದ ಹಲಗೆಗಳು ಕಂಡವು. ಅವುಗಳ ಬಣ್ಣ ಗುಲಾಬಿ. ಈ ಮನೆ ಒಂದು ಕಾಲದಲ್ಲಿ ಗುಲಾಬಿ ಬಣ್ಣದ್ದಾಗಿತ್ತು ಎನ್ನುವುದು ಊರಿಗೇ ಮರೆತುಹೋಗಿತ್ತು, ಈಗ ನೆನಪಾಯಿತು.

ಬ್ರಿಟಾ ಹೊರಗೆ ಬಂದಳು. ಗುಲಾಬಿ ಗೋಡೆ ನೋಡಿದಳು, ಕೈಯಲ್ಲಿ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ ಹಿಡಿದು ನಿಂತ ಅಪ್ಪನನ್ನು ನೋಡಿದಳು. ನಗುತ್ತಾಳೆಂದುಕೊಂಡ, ನಗಲಿಲ್ಲ. ಬೈಯುತ್ತಾಳೆಂದುಕೊಂಡ, ಬೈಯಲಿಲ್ಲ.

"ಇರ್ಲಿ ಬಿಡಪ್ಪ," ಎಂದಳು. "ಸಲಾಡಿನ ಪಕ್ಕದಲ್ಲೇ ಇಟ್ಟುಬಿಡೋಣ." ಹಾಗೆಂದು ಮೀನಿನ ರೆಕ್ಕೆಗೆ ಮೆತ್ತಿದ್ದ ಮಣ್ಣನ್ನು ಅಂಗಿಯ ತುದಿಯಿಂದ ಒರೆಸಿ ಎತ್ತಿಕೊಂಡು ಒಳಗೆ ಹೋದಳು. ಲಾಯ್ಡ್‌ಗೆ ಅದಕ್ಕಿಂತ ಅವಳು ಏಣಿಯಿಂದ ತಳ್ಳಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಅಷ್ಟು ಸಿಟ್ಟು ಬಂತು ಅವನಿಗೆ, ತನ್ನ ಮೇಲೆಯೇ.

ಭಾನುವಾರ ಊರಿಗೆ ಊರೇ ಬಂತು. ಗುಲಾಬಿ ಗೋಡೆಯ ಮುಂದೆ ಹಾದು ಬಂದವರೆಲ್ಲ, "ಗ್ಯಾರೇಜು ಎಷ್ಟು ಚೊಕ್ಕಟವಾಗಿದೆ," ಎಂದು ನೆಲ ಹೊಗಳಿದರು. ಮೀನು ಸಲಾಡಿಗೂ ಕ್ಯಾರೆಟ್ ತುರಿ ಹಾಕಿದ ಜೆಲ್ಲಿಗೂ ನಡುವೆ ಬಾಯಿ ತೆರೆದು ಕೂತಿತ್ತು. ಯಾರೋ ಅದರ ಬಾಯಿಗೆ ಕೈ ಒರೆಸುವ ಕಾಗದಗಳನ್ನು ತುರುಕಿದರು. ಯಾರೋ, "ಒಳ್ಳೇ ಉಪಯೋಗ," ಎಂದರು. ಹಿಲ್ಮಾ ಅಜ್ಜಿ ಬಂದು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತು, ಮೀನಿನ ಬಾಯಿಂದ ಒಂದು ಕಾಗದ ಎಳೆದುಕೊಂಡರು.

"ಇದೇನು ಬ್ರಿಟಾ, ಬಾಗಿಲಿಗೆ ಅಡ್ಡ ಇಡೋದಾ?"

"ದೀಪ ಅಜ್ಜಿ," ಎಂದಳು ಬ್ರಿಟಾ.

"ಓ. ಒಂಥರಾ ಬೇರೆ ಇದೆ."

ಬ್ರಿಟಾ ಬನ್ನಿನ ತಟ್ಟೆ ತರುವ ನೆಪದಲ್ಲಿ ಮುಖ ತಿರುಗಿಸಿದಳು. ಅದನ್ನು ಲಾಯ್ಡ್ ನೋಡಿದ. ಅವನೊಳಗೆ ಬಿಗಿದು ಬಿಗಿದು ಇಟ್ಟಿದ್ದ ಏನೋ ಒಂದು ಆಗ ಕಿತ್ತು ಬಂತು. ಕಾಫಿ ಹಂಡೆಯ ಬಳಿ ನಿಂತಿದ್ದ ಆರ್ಡಿಸ್ ಹತ್ತಿರಕ್ಕೆ ನಡೆದ. ಎಲ್ಲರಿಗೂ ಕೇಳುವ ದನಿಯಲ್ಲಿ, ನಾರ್ಡಾಲಿನಲ್ಲಿ ಅದುವರೆಗೆ ಯಾರೂ ಬಾಯಿ ಬಿಟ್ಟು ಹೇಳದ ಮಾತು ಹೇಳಿದ:

"ಆರ್ಡಿಸ್, ನನ್ನ ಕೈಲಿ ಆಗ್ಲಿಲ್ಲ. ದಯವಿಟ್ಟು ಆ ಮೀನು ಗೋಡೆಗೆ ಹಾಕಿಕೊಡಿ."

ಚರ್ಚಿನ ಪಾದ್ರಿಯಮ್ಮ ಬಾಯಿಗಿಟ್ಟ ಬನ್ನನ್ನು ಹಾಗೆಯೇ ಹಿಡಿದು ನಿಂತರು. ಇನ್‌ಸ್ಪೆಕ್ಟರ್ ಪುಲ್ಕ್ರಾಬೆಕ್ ಟೋಪಿ ತೆಗೆದರು. ಮಾರ್ಲಿಸ್ ಕಣ್ಣು ಮುಚ್ಚಿಕೊಂಡಳು.

ಆರ್ಡಿಸ್ ಸಾವಕಾಶವಾಗಿ ಬಟ್ಟಲು ಇಟ್ಟರು. "ಅಯ್ಯೋ ಬೇಡಪ್ಪ," ಎಂದರು. "ನಿನ್ನ ಗೋಡೆಗೆ ನಾನ್ಯಾಕೆ ಕೈ ಹಾಕ್ಲಿ?"

ಕೇಳಿ ಕೇಳಿ ಮರ್ಯಾದೆ ಹೋಯಿತಲ್ಲ ಎಂದು ಲಾಯ್ಡ್ ತಿರುಗಿ ಹೊರಡುವಷ್ಟರಲ್ಲಿ ಮಾರ್ಲಿಸ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. "ಒಂದು," ಎಂದು ಕಿವಿಯಲ್ಲಿ ಹೇಳಿದಳು.

ಆಗ ಅವನಿಗೆ ಹೊಳೆಯಿತು.

"ಇಲ್ಲ ಆರ್ಡಿಸ್, ನಿಮ್ಮ ಬಿಟ್ರೆ ಈ ಗೋಡೆ ಇನ್ಯಾರ ಮಾತೂ ಕೇಳಲ್ಲ."

"ಛೆ, ನನಗೆ ವಯಸ್ಸಾಯ್ತು. ಇನ್ಯಾರನ್ನಾದ್ರೂ ಕರಿ."

ಇಡೀ ಗ್ಯಾರೇಜು ಮುಂದಕ್ಕೆ ಬಾಗಿತು.

"ಆರ್ಡಿಸ್," ಎಂದ ಲಾಯ್ಡ್, "ನನ್ನ ಮಗಳು ಮಾಡಿದ್ದು ಅದು."

ಆರ್ಡಿಸ್ ನೆಲ ನೋಡಿದರು. "ಸರಿ," ಎಂದರು, "ನಿನಗೆ ತೀರಾ ತೊಂದರೆ ಆಗದಿದ್ರೆ."

ಹೀಗೆಂದು ಭಾನುವಾರ ಚರ್ಚಿಗೆ ಒಯ್ಯುವ ಕೈಚೀಲ ತೆರೆದರು. ಅದರೊಳಗೆ ಪಟ್ಟಿ ಬಿಡಿಸುವ ಕೊಕ್ಕೆ, ತಗಡು ಕತ್ತರಿಸುವ ಕತ್ತರಿ, ಒಂದು ಹಿಡಿ ಸ್ಕ್ರೂ. "ಗುರುವಾರದಿಂದ ಹೊತ್ಕೊಂಡು ತಿರುಗ್ತಾ ಇದೀನಿ, ಹೆಗಲು ಬಿದ್ದು ಹೋಯ್ತು," ಎಂದು ಗೊಣಗಿದರು. ಮನೆಗೆ ಹೋಗಿ, ಸೈಡಿಂಗಿನದೇ ಬಣ್ಣ ಬಳಿದ ದಪ್ಪ ಮರದ ತುಂಡೊಂದನ್ನೂ ನಾಲ್ಕಾರು ಹೊಸ ಪಟ್ಟಿಗಳನ್ನೂ ತಂದರು. ತುಂಡಿನ ಬಣ್ಣ ಎಂದೋ ಒಣಗಿತ್ತು.

ಮಾರ್ಲಿಸ್ ಫ್ಯೂಸು ತೆಗೆದಳು. ಊರೆಲ್ಲ ತಟ್ಟೆ ಹಿಡಿದು ಹುಲ್ಲಿನ ಮೇಲೆ ನಿಂತು ನೋಡಿತು. ಆರ್ಡಿಸ್ ಗೋಡೆಗೆ ಬೆರಳಿನಿಂದ ಬಡಿದು ಬಡಿದು ಒಳಗಿನ ಮರದ ಕಂಬ ಹುಡುಕಿ, ಮರದ ತುಂಡನ್ನು ಕಂಬಕ್ಕೆ ಕಚ್ಚಿಸಿ, ದೀಪದ ತಂತಿ ಜೋಡಿಸಿ, ಮೀನನ್ನು ಆ ತುಂಡಿಗೆ ಬಿಗಿದರು. ಸುತ್ತ ಸೈಡಿಂಗ್ ಕತ್ತರಿಸುವಾಗ ಸಣ್ಣ ಸಂದು ಬಿಟ್ಟರು. ಪಟ್ಟಿಯ ಮೊಳೆ ಹೊಡೆಯಲು ಮಾತ್ರ ಲಾಯ್ಡ್‌ಗೆ ಕೊಟ್ಟರು. ಅವನು ಹೊಡೆದ, ಸಮಾಧಾನಕ್ಕೆ ಇನ್ನೊಂದು ಏಟು ಹಾಕಲು ಸುತ್ತಿಗೆ ಎತ್ತಿದ. ಆರ್ಡಿಸ್ ಅವನ ಕೈ ಹಿಡಿದುಕೊಂಡರು.

"ಸಾಕು. ಭಾರ ಹೊರೋದು ಒಳಗಿನ ಮರ, ಇದು ಬರೀ ಅಂಗಿ. ಬಿಸಿಲಿಗೆ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಸ್ವಲ್ಪ ಸಡಿಲ ಬಿಡು, ಉಸಿರಾಡ್ಲಿ."

ಸಡಿಲ ಬಿಡುವುದು! ಲಾಯ್ಡ್‌ನ ಧರ್ಮಕ್ಕೆ ಇಷ್ಟು ದೊಡ್ಡ ಪೆಟ್ಟು ಎಂದೂ ಬಿದ್ದಿರಲಿಲ್ಲ. ಆದರೂ ಸುತ್ತಿಗೆ ಇಳಿಸಿದ.

ಮಾರ್ಲಿಸ್ ಮತ್ತೆ ಫ್ಯೂಸು ಹಾಕಿದಳು. ಬ್ರಿಟಾ ಗುಂಡಿ ಒತ್ತಿದಳು. ಜೂನ್ ಮಧ್ಯಾಹ್ನದ ಬಿಸಿಲಲ್ಲಿ ದೀಪ ಹತ್ತಿತೋ ಇಲ್ಲವೋ ಒಂದೂ ಗೊತ್ತಾಗಲಿಲ್ಲ. ಜನ ಕಣ್ಣಿಗೆ ಕೈ ಅಡ್ಡ ಹಿಡಿದು, ಹತ್ತಿರ ಹೋಗಿ, ಮೀನಿನ ಬಾಯೊಳಗೆ ಇಣುಕಿದರು. ಹತ್ತಿತ್ತು. ಒಂದೊಂದು ಹುರುಪೆಯ ಸಂದಿನಲ್ಲೂ ಸಣ್ಣ ಬೆಳಕು.

"ಅಷ್ಟೇನೂ ಕೆಟ್ಟದಾಗಿಲ್ಲ," ಎಂದರು ಪುಲ್ಕ್ರಾಬೆಕ್. ಗುಂಪಿನಲ್ಲಿ ಸಂಚಲನವಾಯಿತು. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಹಿಲ್ಮಾ ಅಜ್ಜಿ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು ಬಹಳ ಹೊತ್ತು ನೋಡಿದರು. ಒಂದು ಹುರುಪೆಯ ಅಂಚನ್ನು ಬೆರಳಿಂದ ಸವರಿದರು. ಕೆಮ್ಮಿದರು.

"ಬ್ರಿಟಾ, ನಮ್ಮ ಮನೆ ಬಾಗಿಲಲ್ಲೂ ಸಂಜೆ ಹೊತ್ತು ಕತ್ತಲೆ. ನಿನಗೆ ಬಿಡುವಾದ್ರೆ ಒಂದು..."

"ಮಾಡಿಕೊಡ್ತೀನಿ ಅಜ್ಜಿ!" ಎಂದಳು ಬ್ರಿಟಾ.

ಮೊದಲನೇ ಸಲಕ್ಕೇ! ಪಾದ್ರಿಯಮ್ಮ ಬನ್ನು ನುಂಗಿದರು. ಯಾರೋ, "ಅಪ್ಪನ ಮಗಳೇ," ಎಂದು ಪಿಸುಗುಟ್ಟಿದರು. ಹಿಲ್ಮಾ ತಬ್ಬಿಬ್ಬಾಗಿ ಸುತ್ತ ನೋಡಿದರು, ಆಮೇಲೆ ಮೊಮ್ಮಗಳ ಕೆನ್ನೆ ಮುಟ್ಟಿದರು. ಲಾಯ್ಡ್‌ಗೆ ಇದ್ದಕ್ಕಿದ್ದಂತೆ ಗ್ಯಾರೇಜಿನ ಮೂಲೆಯಲ್ಲಿ ಏನೋ ಹುಡುಕುವ ಕೆಲಸ ಬಂತು. ಹೋಗಿ ಮೂಗು ಒರೆಸಿಕೊಂಡು ಬಂದ. ಬರುವಾಗ ಕೈಯಲ್ಲಿ ಡ್ರಿಲ್ ಇತ್ತು.

"ಅತ್ತೆ, ಅದನ್ನ ನಿಮ್ಮ ಗೋಡೆಗೆ ನಾನೇ ಹಾಕಿಕೊಡ್ತೀನಿ," ಎಂದ.

"ಬೇಡ ಬೇಡ, ನಿನಗ್ಯಾಕೆ ತೊಂದರೆ," ಎಂದರು ಹಿಲ್ಮಾ.

"ತೊಂದರೆ ಏನು ಬಂತು ಅತ್ತೆ, ಸಡಿಲ ಬಿಡೋದು ಹೇಗೆ ಅಂತ ಈಗ ಕಲಿತೆ."

"ಬೇಡಪ್ಪ, ನೀನು ದುಡಿದು ಸುಸ್ತಾಗಿದೀಯ."

ಲಾಯ್ಡ್ ಒಮ್ಮೆ ಹೆಂಡತಿಯ ಕಡೆ, ಒಮ್ಮೆ ಆರ್ಡಿಸ್ ಕಡೆ ನೋಡಿ ನಕ್ಕ. ಈಗ ಅವನಿಗೆ ನಿಯಮ ಬಾಯಿಪಾಠ. "ಒಂದೇ ಗಂಟೆ ಕೆಲಸ ಅತ್ತೆ, ಹೂಂ ಅನ್ನಿ," ಎಂದು ಮೂರನೆಯ ಸಲ ಕೇಳಿ, ಒಪ್ಪಿಗೆಗಾಗಿ ಕಾದು ನಿಂತ.

ಹಿಲ್ಮಾ ಇನ್ನೂ ಮುಚ್ಚದೆ ಉಳಿದಿದ್ದ ಗುಲಾಬಿ ಗೋಡೆಯ ಕಡೆ ನೋಡಿದರು. ಡ್ರಿಲ್ಲಿನ ಕಡೆ ನೋಡಿದರು. ಕೈಚೀಲವನ್ನು ಎದೆಗೆ ಒತ್ತಿಕೊಂಡು, ನಾರ್ಡಾಲಿನ ಇತಿಹಾಸದಲ್ಲಿ ಮೊದಲ ಬಾರಿಗೆ ಮೂರನೆಯ ಸಲವೂ ಮನಸಾರೆ, "ಬೇಡ," ಎಂದರು.